ಬೋರಲು ಬಿದ್ದ ಚಪ್ಪಲಿ

ಚಪ್ಪಲಿಯನ್ನು ನಾನೇ ಬೋರಲು ಹಾಕಿದೆ.

ಎಡಗಾಲಿನದನ್ನು ಹೆಬ್ಬೆರಳಿನಿಂದ ಮೀಟಿ ತಲೆಕೆಳಗು ಮಾಡಿ, ಗಾಜಿನ ಬಾಗಿಲಿನ ಹೊರಗೆ, ಬಂದವರ ಕಣ್ಣಿಗೆ ಬಿದ್ದೇ ಬೀಳುವ ಜಾಗದಲ್ಲಿ ಬಿಟ್ಟು ಒಳಗೆ ಬಂದೆ. ಬಾಗಿಲಿಗೆ ಎದುರಾಗಿದ್ದ ಸೋಫಾ ಹಿಡಿದು ಕುಳಿತೆ. ಡಾಕ್ಟರ್ ರಾಮಚಂದ್ರ ಊಟಕ್ಕೆ ಹೋಗಿದ್ದರು. ಈಗ ಬರುತ್ತಾರೆ, ಕೂತಿರಿ ಎಂದು ಮುಂದಿನ ಮೇಜಿನ ಬಿಳೀ ಹುಡುಗಿ ಹಲ್ಲು ಕಿರಿದು ಹೇಳಿ ತನ್ನ ಪಾಡಿಗೆ ಉಗುರು ನೋಡಿಕೊಳ್ಳುತ್ತಿದ್ದಳು.

ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಕೆಳಗೆ ಬಾರು, ಮೇಲೆ ಆಫೀಸು. ರಾತ್ರಿ ಚೆಲ್ಲಿದ ಬಿಯರಿನ ವಾಸನೆ ಮಧ್ಯಾಹ್ನವಾದರೂ ಮೆಟ್ಟಿಲು ಬಿಟ್ಟು ಹೋಗಿರಲಿಲ್ಲ. ಮೇಲೆ ಬಂದರೆ ಬಿಳೀ ಕಾರ್ಪೆಟ್ಟು, ಬೆಳ್ಳಿ ಗಣಪತಿ, ಗಂಧದ ಊದುಬತ್ತಿ. ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಬರಿಗಾಲ ನಾಯಕತ್ವ'. ಬಾಗಿಲಾಚೆ ಪಾದರಕ್ಷೆ ಬಿಡಲು ಒಂದು ಚೆಂದದ ಮರದ ರ‍್ಯಾಕ್. ಎರಡರಲ್ಲಿ ಯಾವ ವಾಸನೆ ಹೇಸಿಗೆ ಎಂದು ಕೇಳಿದರೆ, ಮೇಲಿನದೇ.

ರಾಮಚಂದ್ರರಿಗೆ ಬೂಟು ಬಿಡುವುದು ಒಂದು ವ್ಯಾಪಾರ. ಸಭೆಯಲ್ಲಿ ಬೂಟು ಬಿಟ್ಟು ಮಾತಾಡುತ್ತಾರೆ, ಫೋಟೋದಲ್ಲಿ ಬೂಟು ಬಿಟ್ಟು ನಿಲ್ಲುತ್ತಾರೆ. "ಆ ಮನುಷ್ಯ ಪೆಟ್ರೋಲ್ ಹಾಕಿಸೋಕೆ ಸರ್ವೋಗೆ ಹೋದ್ರೂ ಬೂಟು ಬಿಟ್ಟೇ ಇಳಿಯೋದು ಕಸ್ತೂರಮ್ಮ" ಎಂದು ಇದೇ ಊರಿನ ಹಾಲಪ್ಪ ನನಗೆ ಹೇಳಿದ್ದ. ಹಾಲಪ್ಪನದು ಖಾರದ ಅಂಗಡಿ ಇತ್ತು. ಈಗಿಲ್ಲ.

ಅದಕ್ಕೇ ನಾನು ಪರ್ತಿನಿಂದ ಮೂರೂವರೆ ಸಾವಿರ ಕಿಲೋಮೀಟರ್ ಹಾರಿ ಬಂದು ಚಪ್ಪಲಿ ಬೋರಲು ಹಾಕಿ ಕುಳಿತದ್ದು.

ನನ್ನ ಕೆಲಸವೇ ಅಂಥದು. ಬೆಂಗಳೂರಿನ ಒಂದು ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುತ್ತಿದ್ದವಳು, ಪರ್ತಿಗೆ ಬಂದ ಮೇಲೆ ಖಾಸಗಿ ಪತ್ತೇದಾರಿಕೆಯ ಲೈಸೆನ್ಸ್ ಮಾಡಿಸಿಕೊಂಡೆ. ಸುಳ್ಳು ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ, ಅವರ ಮೇಲೆ ಸಿಟ್ಟು ಬರುವುದು ಎಂದೋ ನಿಂತಿದೆ. ಆದರೆ ಮನುಷ್ಯನ ಹೆಗಲ ಮೇಲೆ ಕೈ ಹಾಕಿ, ಕಷ್ಟ ಸುಖ ಕೇಳಿ, ಕೇಳಿದ್ದನ್ನೇ ಇಟ್ಟುಕೊಂಡು ಅವನ ಕಾಲು ಮುರಿಯುವವರನ್ನು ಕಂಡರೆ ಇವತ್ತಿಗೂ ಸುಮ್ಮನಿರಲಾರೆ.

ಈ ರಾಮಚಂದ್ರರು ನಡೆಸುತ್ತಿದ್ದದ್ದು ಅಂಥ ಒಂದು ಕೇಳುವ ಕೆಲಸ. ಹೊಸದಾಗಿ ಬಂದವರು ಇಲ್ಲಿ ತೆರೆಯುವ ಸಣ್ಣ ಅಂಗಡಿ, ಅಡುಗೆಮನೆ, ಕಾರ್ಖಾನೆಗಳು ಉಳಿಯುವುದಕ್ಕೆ, ಬೆಳೆಯುವುದಕ್ಕೆ ಏನು ಬೇಕು ಎಂಬ ಸಂಶೋಧನೆ. ಪರ್ತ್, ಬ್ರಿಸ್ಬೇನ್, ಅಡಿಲೇಡ್, ಮೂರೂ ಊರುಗಳಲ್ಲಿ. ಕನ್ನಡ ಸಂಘದ ಯುಗಾದಿ ಊಟದಲ್ಲೇ ಅರ್ಧ ಜನರನ್ನು ಸೇರಿಸಿಕೊಂಡಿದ್ದರು. ಒಂದು ಗುಂಪಿಗೆ ಮಾರ್ಗದರ್ಶಕರನ್ನು ಕೊಟ್ಟರು, ತಪ್ಪು ತಿದ್ದಿದರು. ಇನ್ನೊಂದು ಗುಂಪಿಗೆ ಏನೂ ಕೊಡಲಿಲ್ಲ. ಆಗಾಗ ಹೋಗಿ ಹೇಗಿದ್ದೀರಿ ಎಂದು ಕೇಳಿ ಬರುವುದು, ಅಷ್ಟೇ. ಯಾರು ಯಾವ ಗುಂಪೆಂದು ಆ ಬಡಪಾಯಿಗಳಿಗೆ ಗೊತ್ತಿರಲಿಲ್ಲ.

ಪರ್ತಿನ ಕ್ಯಾನಿಂಗ್ ವೇಲ್‌ನಲ್ಲಿ ದೋಸೆ ಹಿಟ್ಟು ಮಾಡಿ ಅಂಗಡಿಗಳಿಗೆ ಕೊಡುವ ನಮ್ಮ ಇಂದಿರಾ ಎರಡನೆಯ ಗುಂಪಿನವಳು. ಹಾಲಪ್ಪನೂ ಅದೇ. ಅಡಿಲೇಡಿನಲ್ಲಿ ಹೋಳಿಗೆ ಮಾಡುತ್ತಿದ್ದ ಬನಶಂಕರಿಯೂ ಅದೇ. ಹಾಲಪ್ಪನ ಚಕ್ಕುಲಿಯ ಡಬ್ಬದಲ್ಲಿ ಇಲಿಯ ಹಿಕ್ಕೆ ಸಿಕ್ಕಿತು. ಬನಶಂಕರಿಯ ಹೂರಣದಲ್ಲಿ ಜಿರಳೆ. ಇಂದಿರಾಳ ಹಿಟ್ಟಿನ ಡ್ರಮ್ಮಿನಲ್ಲಿ ಸತ್ತ ಇಲಿಮರಿ, ಅದೂ ಒಂದು ಕೆಫೆಯವರು ಹುಯ್ಯುವಾಗ ದೋಸೆ ಕಲ್ಲಿನ ಮೇಲೇ ಬಿತ್ತು. ಮೂರೂ ಅಡುಗೆಮನೆಗೆ ಆಯಾ ಊರಿನ ನಗರಸಭೆ, ಅಂದರೆ ಕೌನ್ಸಿಲ್‌ನವರು, ಬೀಗ ಹಾಕಿದರು.

ಇದನ್ನು ನನಗೆ ಬಿಡಿಸಿ ಹೇಳಿದವಳು ನಿಖಿತಾ.

ನಿಖಿತಾ ಮೈಸೂರಿನ ಹುಡುಗಿ, ರಾಮಚಂದ್ರರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಮೂರು ಊರು ಸುತ್ತಿ ಎಲ್ಲರನ್ನೂ ಮಾತಾಡಿಸುತ್ತಿದ್ದವಳು ಅವಳೇ. ಪರ್ತಿನದೇ ಎಲೆನ್‌ಬ್ರೂಕ್‌ನಲ್ಲಿರುವ ಇಂದಿರಾಳ ಮನೆಗೆ ಬಂದರೆ ಊಟ ಮಾಡಿಯೇ ಹೋಗಬೇಕು, ತಲೆ ಬಾಚಿಸಿಕೊಂಡು ಹೋಗಬೇಕು, ಅಷ್ಟು ಸಲಿಗೆ. ಇಂದಿರಾಳ ಹಿಟ್ಟಿನಲ್ಲಿ ಇಲಿ ಸಿಕ್ಕ ವಾರ ನನ್ನ ಮುಂದೆ ಕೂತು ಮೂಗು ಕೆಂಪಾಗುವಷ್ಟು ಅತ್ತಳು. "ಮೂರೂ ಒಂದೇ ಗುಂಪು ಆಂಟಿ. ನಾನು ಹೇಳಿದೆ ಅಂತ ಸರ್‌ಗೆ ಗೊತ್ತಾದ್ರೆ ನನ್ನ ಕಥೆ ಮುಗೀತು" ಎಂದಿದ್ದಳು.

ಆಮೇಲೆ ಸಿಕ್ಕಿದ್ದು ಟೋನಿಯ ಕ್ಯಾಮೆರಾ.

ಟೋನಿಯದು ಇಂದಿರಾಳ ಅಡುಗೆಮನೆಯ ಪಕ್ಕದ ಟೈರ್ ಅಂಗಡಿ. ಅವನ ಕ್ಯಾಮೆರಾ ಸಡಿಲವಾಗಿ ಕೆಳಕ್ಕೆ ಜೋತುಬಿದ್ದು, ನೆಲವನ್ನೂ ಇಂದಿರಾಳ ಹಿಂಬಾಗಿಲಿನ ಮೊಣಕಾಲೆತ್ತರವನ್ನೂ ಮಾತ್ರ ತೋರಿಸುತ್ತಿತ್ತು. ಭಾನುವಾರ ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು. ಜೀನ್ಸ್ ತೊಟ್ಟ ಎರಡು ಕಾಲು ಬಂತು. ಓಡುವ ಶೂ ಬಿಚ್ಚಿತು. ಸಾಕ್ಸ್ ಬಿಚ್ಚಿ, ಎರಡನ್ನೂ ಸೇರಿಸಿ ಉಂಡೆ ಮಾಡಿ, ಬಲಗಾಲಿನ ಶೂ ಒಳಗೆ ತುರುಕಿತು.

ಕೈಗಾರಿಕಾ ಶೆಡ್ಡಿನೊಳಗೆ ಕಳ್ಳತನದಿಂದ ನುಗ್ಗುವವನು ಶೂ ಬಿಚ್ಚುತ್ತಾನೆಯೇ? ಟೋನಿಗೆ ನಗು ತಡೆಯಲಿಲ್ಲ. ನನಗೆ ನಗು ಬರಲಿಲ್ಲ. ಒಲೆಯ ಮೇಲೆ ಅನ್ನಪೂರ್ಣೆಯ ಪಟ ಇಟ್ಟ ಅಡುಗೆಮನೆ ಅದು. ಬಂದವರು ನಮ್ಮವರೇ.

ಮುಂದಿನದು ಇನ್ನೂ ಚೆನ್ನಾಗಿತ್ತು. ಕಸದ ಬಿನ್ನಿನವರೆಗೆ ಹೋಗಿ ಬರಲು ಇಂದಿರಾ ಒಂದು ಜೊತೆ ಹಳೇ ಹವಾಯಿ ಚಪ್ಪಲಿಯನ್ನು ಅಲ್ಲಿ ಇಟ್ಟಿರುತ್ತಾಳೆ. ಸಮುದ್ರದ ಗಾಳಿಗೆ ಒಂದು ಬೋರಲಾಗಿ ಬಿದ್ದಿತ್ತು. ಆ ಆಸಾಮಿ ಬಗ್ಗಿ, ಎಡಗೈಯ ಎರಡು ಬೆರಳಲ್ಲಿ ಅದರ ಪಟ್ಟಿ ಹಿಡಿದು, ಸರಿಯಾಗಿ ತಿರುಗಿಸಿ, ಜೋಡಿಯ ಪಕ್ಕಕ್ಕೆ ಸೇರಿಸಿಟ್ಟ. ಗೋಡೆಯ ಪಕ್ಕದ ನಲ್ಲಿಯಲ್ಲಿ ಕೈ ತೊಳೆದುಕೊಂಡ. ಆಮೇಲೆ ತುಳಸಿ ಕುಂಡದ ಅಡಿಯಿಂದ ಕೀ ತೆಗೆದು ಒಳಗೆ ಹೋದ.

ಇಂದಿರಾಳ ಮನೆಯಲ್ಲಿ ಜಗಳವಾಗದಿರಲಿ ಎಂದು ಚಪ್ಪಲಿ ನೆಟ್ಟಗೆ ಮಾಡಿದ. ಚಪ್ಪಲಿ ಮುಟ್ಟಿದ ಕೈ ಎಂದು ತೊಳೆದುಕೊಂಡ. ತೊಳೆದ ಕೈಯಲ್ಲಿ ಅವಳ ಹಿಟ್ಟಿಗೆ ಸತ್ತ ಇಲಿ ಹಾಕಿದ.

ಥೂ.

ಆ ಚಿತ್ರವನ್ನು ಎಷ್ಟು ಸಲ ನೋಡಿದೆನೋ. ನೋಡಿದಷ್ಟೂ ಇಲಿಗಿಂತ ಆ ಕೈ ತೊಳೆಯುವುದೇ ನನಗೆ ಹೇಸಿಗೆ ಹುಟ್ಟಿಸಿತು. ಇಂದಿರಾಗೂ ತೋರಿಸಲಿಲ್ಲ, ಯಾರಿಗೂ ತೋರಿಸಲಿಲ್ಲ.

ಕೀ ತುಳಸಿ ಕುಂಡದ ಅಡಿಯಲ್ಲಿದೆ ಎಂದು ಯಾರಿಗೆ ಗೊತ್ತಿತ್ತು? "ಯಾರಿಗೂ ಇಲ್ಲ ಕಸ್ತೂರಕ್ಕ" ಎಂದಿದ್ದಳು ಇಂದಿರಾ. ಸ್ವಲ್ಪ ಹೊತ್ತಾದ ಮೇಲೆ, "ಆ ಸಂಶೋಧನೆಯೋರು ಕೇಳಿದ್ರಪ್ಪ. ನಿಮಗೆ ಹುಷಾರಿಲ್ದಾಗ ಬಾಗಿಲು ಯಾರು ತೆಗೀತಾರೆ, ಕೀ ಎಲ್ಲಿರುತ್ತೆ ಅಂತ. ಅಂಗಡಿ ಉಳಿಯೋಕೆ ಅದೂ ಮುಖ್ಯವಂತೆ" ಎಂದಳು. ಆ ಉತ್ತರಗಳೆಲ್ಲ ಹೋಗಿ ಸೇರುವುದು ರಾಮಚಂದ್ರರ ಕೈಗೆ.

ಬೂಟು ಬಿಡುವ ಚಟ, ಕೀ ಇರುವ ಜಾಗ, ತಮ್ಮ ಮಾರ್ಗದರ್ಶನವಿಲ್ಲದೆ ಯಾರೂ ಉಳಿಯರೆಂದು ತೋರಿಸಲು ಎರಡನೆಯ ಗುಂಪು ಬೀಳಬೇಕೆಂಬ ಆಸೆ. ಮೂರೂ ಒಬ್ಬರ ಹತ್ತಿರವೇ ಇತ್ತು.

ನನ್ನ ಹತ್ತಿರ ಹೊತ್ತು ಮಾತ್ರ ಇರಲಿಲ್ಲ. ಇವತ್ತೇ ಕೌನ್ಸಿಲ್‌ನವರು ಇಂದಿರಾಳ ಅಡುಗೆಮನೆಗೆ ಎರಡನೇ ಸಲ, ಕೊನೇ ಸಲ ಬರುವವರಿದ್ದರು. ಒಂದು ಡ್ರಮ್ ಹಿಟ್ಟು ರುಬ್ಬಿ ಇಟ್ಟಿರಿ, ನಾವೇ ಮುಚ್ಚಳ ತೆಗೆದು ನೋಡುತ್ತೇವೆ ಎಂದಿದ್ದರು. ಚೊಕ್ಕವಾಗಿದ್ದರೆ ಬೀಗ ತೆಗೆಯುತ್ತಾರೆ. ಇಲ್ಲದಿದ್ದರೆ ಶಾಶ್ವತವಾಗಿ ಮುಚ್ಚುತ್ತಾರೆ. ಅಡುಗೆಮನೆ ಮುಚ್ಚಿದರೆ ಇಂದಿರಾಳ ಬಿಸಿನೆಸ್ ವೀಸಾಗೆ ಅರ್ಥವಿಲ್ಲ. ಅವಳೂ, ಹನ್ನೊಂದನೇ ಕ್ಲಾಸಿನ ಮಧ್ಯದಲ್ಲಿರುವ ಮಗಳು ತನುಶ್ರೀಯೂ ಗಂಟು ಕಟ್ಟಬೇಕು.

ಇಂದಿರಾಗೆ ಕಟ್ಟುನಿಟ್ಟಾಗಿ ಹೇಳಿ ವಿಮಾನ ಹತ್ತಿದ್ದೆ. "ಹೊರಗಿನೋರು ಯಾರೂ ಡ್ರಮ್ ಹತ್ರ ಬರಕೂಡದು. ಸಂಘದೋರೂ ಬೇಡ, ಪಕ್ಕದ್ಮನೆಯೋರೂ ಬೇಡ. ಗೊತ್ತಾಯ್ತಾ?"

"ಒಬ್ಬಳೇ ರುಬ್ಬೋಕೆ ಕೈ ನಡುಗುತ್ತೆ ಕಸ್ತೂರಕ್ಕ."

"ನಿಖಿತಾನ ಕಳಿಸ್ತೀನಿ. ಅವಳು ಜೊತೆಗಿರ್ತಾಳೆ" ಎಂದಿದ್ದೆ. ನಾನೇ ಫೋನ್ ಮಾಡಿ ಕಳಿಸಿದ್ದೆ.

ಗಾಜಿನ ಬಾಗಿಲಾಚೆ ನೆರಳು ಕಂಡಿತು. ರಾಮಚಂದ್ರರು ಬಂದರು.

ಐವತ್ತರ ಆಸುಪಾಸು, ಬೆಳ್ಳಿ ಕೂದಲು, ಖಾದಿಯ ಜುಬ್ಬದ ಮೇಲೆ ದುಬಾರಿ ಕೋಟು. ಬೂಟು ಬಿಚ್ಚಿ ರ‍್ಯಾಕಿನಲ್ಲಿ ಇಟ್ಟರು. ನನ್ನ ಚಪ್ಪಲಿ ಕಾಲಿಗೆ ಅಡ್ಡ ಬಂತು.

ನಾನು ಸೋಫಾದ ತುದಿಗೆ ಸರಿದು ನೋಡಿದೆ.

ಅವರು ಕೆಳಗೂ ನೋಡಲಿಲ್ಲ. ಕಾಲಿನಿಂದ ಅದನ್ನು ಅತ್ತ ತಳ್ಳಿ ಒಳಗೆ ಬಂದರು. ಚಪ್ಪಲಿ ಬೋರಲಾಗಿಯೇ ಸರಿದು ಗೋಡೆಗೆ ತಾಗಿ ನಿಂತಿತು. ಇನ್ನೊಂದು ವಿಷಯ ಗಮನಿಸಿದೆ. ಬರಿಗಾಲ ನಾಯಕರ ಕಾಲಿನಲ್ಲಿ ನುಣುಪಾದ ರೇಷ್ಮೆ ಸಾಕ್ಸ್ ಇತ್ತು. ಅದನ್ನು ಬಿಚ್ಚುವ ಯೋಚನೆಯೇ ಅವರಿಗಿರಲಿಲ್ಲ.

ಮನಸ್ಸಿಗೆ ಕಸಿವಿಸಿಯಾಯಿತು. ಆದರೂ ಬಂದಾಗಿದೆ, ಬಿಡುವುದು ಹೇಗೆ?

"ಓಹೋ, ಕಸ್ತೂರಿ ಮೇಡಂ ಅಲ್ವಾ? ಪರ್ತ್‌ನಿಂದ ಇಷ್ಟು ದೂರ! ಬನ್ನಿ ಬನ್ನಿ. ಫಿಲ್ಟರ್ ಕಾಫಿ ಇದೆ, ನಮ್ಮ ಚಿಕ್ಕಮಗಳೂರಿಂದೇ."

"ಕಾಫಿ ಬೇಡ ಡಾಕ್ಟ್ರೇ. ಇಂದಿರಾ ವಿಷಯ ಮಾತಾಡ್ಬೇಕು."

"ಅಯ್ಯೋ, ಹೆಸರು ಹೇಳ್ಬೇಡಿ. ನಮ್ಮಲ್ಲಿ ಯಾರಿಗೂ ಹೆಸರಿಲ್ಲ. ಅದೆಲ್ಲ ಗುಟ್ಟಾಗಿರಬೇಕು, ನಿಯಮ."

"ಸರಿ. ಹಿಟ್ಟಲ್ಲಿ ಇಲಿ ಬಿದ್ದೋಳು."

ಅವರ ಮುಖ ಅರಳಿತು. ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಅರಳಿತು. "ಓ, ಕ್ಯಾನಿಂಗ್ ವೇಲ್! ಬ್ಯೂಟಿಫುಲ್ ಕೇಸ್ ಮೇಡಂ. ಎಂಥಾ ಬೇಡಿಕೆ ಇತ್ತು, ಎಂಥಾ ಹಿಟ್ಟು! ಕಷ್ಟ ಬಂದಾಗ ಹಿಡಿಯೋಕೆ ಒಂದು ಕೈ ಇರ್ಲಿಲ್ಲ, ಬಿದ್ದೋಯ್ತು. ನಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ."

"ಬಿದ್ದೋಯ್ತಾ? ಬೀಳಿಸಿದ್ರಾ?"

"ಏನಂದ್ರಿ?"

"ಮೂರು ಊರು, ಮೂರು ಅಡುಗೆಮನೆ. ಮೂರರಲ್ಲೂ ಹೊಲಸು ಸಿಗುತ್ತೆ. ಮೂರೂ ನೀವು ಸಹಾಯ ಮಾಡದೇ ಇರೋ ಗುಂಪಿನೋವೇ. ಸಹಾಯ ಸಿಕ್ಕಿದವರ ಒಂದು ಡಬ್ಬದಲ್ಲೂ ಒಂದು ಇರುವೆ ಸತ್ತಿಲ್ಲ. ಇದು ಯಾವ ಊರಿನ ನ್ಯಾಯ ಡಾಕ್ಟ್ರೇ?"

ಅವರು ನನ್ನ ಎದುರಿನ ಕುರ್ಚಿಗೆ ಒರಗಿ ನನ್ನನ್ನು ಮಕ್ಕಳನ್ನು ನೋಡುವ ಹಾಗೆ ನೋಡಿದರು. "ಅದೇ ಮೇಡಂ ಸಂಶೋಧನೆ. ಕೈ ಹಿಡಿಯೋರು ಇದ್ರೆ ಉಳೀತಾರೆ, ಇಲ್ದಿದ್ರೆ ಇಲ್ಲ. ನಾನು ಮೊದಲಿಂದ್ಲೂ ಹೇಳ್ತಾ ಇರೋದು ಇದನ್ನೇ."

"ಹಾಲಪ್ಪ ನಿಮಗೆ ಫೋನ್ ಮಾಡಿದ್ನಂತೆ, ಏನಾದ್ರೂ ಮಾಡಿ ಸರ್ ಅಂತ."

"ಮಾಡಿದ್ದ. ಪಾಪ, ಅತ್ತುಬಿಟ್ಟ."

"ನೀವೇನಂದ್ರಿ?"

"ಏನೂ ಅನ್ಬಾರ್ದು ಮೇಡಂ. ಒಂದು ಸಮಾಧಾನದ ಮಾತು ಹೇಳಿದ್ರೂ ಅದು ಸಹಾಯ ಆಗುತ್ತೆ, ಡೇಟಾ ಕೆಡುತ್ತೆ. ಬೇಡ ಬಿಡಿ, ಕೇಳಿ ಇದನ್ನ." ಫೋನ್ ತೆಗೆದರು. ಏನೋ ಒತ್ತಿದರು.

ಗಂಡಸೊಬ್ಬ ಬಿಕ್ಕಳಿಸುವ ಸದ್ದು. "ಸರ್, ಹೆಂಡ್ತಿ ಮುಖ ನೋಡಕ್ಕಾಗ್ತಿಲ್ಲ ಸರ್." ಹಾಲಪ್ಪನ ದನಿ.

"ಇದನ್ನ ಅಡಿಲೇಡ್ ಸಮ್ಮೇಳನದಲ್ಲಿ ಹಾಕ್ದೆ" ಎಂದರು ರಾಮಚಂದ್ರರು ಮೆಲ್ಲಗೆ, ದೇವರ ಕೋಣೆಯಲ್ಲಿ ಮಾತಾಡುವ ಹಾಗೆ. "ಇಡೀ ಹಾಲ್ ಸೈಲೆಂಟ್. ಆಮೇಲೆ ಎಲ್ಲಾ ಎದ್ದು ನಿಂತು ಚಪ್ಪಾಳೆ."

ಅವರು ತಮಗೆಂದು ತರಿಸಿ ಮೇಜಿನ ಮೇಲಿಟ್ಟುಕೊಂಡಿದ್ದ ಕಾಫಿ ಲೋಟವನ್ನು ಎತ್ತಿ ಆ ಖಾದಿ ಜುಬ್ಬದ ಮೇಲೆ ಸುರಿಯಬೇಕೆನ್ನಿಸಿತು. ಒಬ್ಬ ಮನುಷ್ಯ ಮಾನ ಬಿಟ್ಟು ಅತ್ತದ್ದಕ್ಕೆ ಹೋಟೆಲಿನ ತಣ್ಣನೆ ಸಭಾಂಗಣದಲ್ಲಿ ಚಪ್ಪಾಳೆ ತಟ್ಟಿದರಂತೆ. ತಟ್ಟಿದವರು ಆಮೇಲೆ ಬಫೆ ಊಟ ಮಾಡಿರುತ್ತಾರೆ.

"ನಿಮಗೆ ಅಸಹ್ಯ ಅನ್ಸಲ್ವಾ?" ಎಂದೆ.

"ಯಾಕೆ? ನಾನು ಯಾರಿಗೂ ಏನೂ ಮಾಡಿಲ್ವಲ್ಲ."

"ಕ್ಯಾನಿಂಗ್ ವೇಲ್‌ನಲ್ಲಿ ಇಲಿ ಬಿದ್ದ ಭಾನುವಾರ ಎಲ್ಲಿದ್ರಿ?"

ಒಂದು ಕ್ಷಣ ಕಣ್ಣು ಕಿರಿದಾಯಿತು. ಆಮೇಲೆ ಗಹಗಹಿಸಿ ನಕ್ಕರು. "ನಾನೇ ಹೋಗಿ ಇಲಿ ಹಾಕ್ದೆ ಅಂತೀರಾ? ಆ ಭಾನುವಾರವೇ ಮೇಡಂ ಅಡಿಲೇಡ್ ಸಮ್ಮೇಳನ! ನೋಡಿ, ನೋಡಿ."

ಫೋನಿನಲ್ಲಿ ವೀಡಿಯೊ ತೋರಿಸಿದರು. ವೇದಿಕೆ, ಹಿಂದೆ ಸಮ್ಮೇಳನದ ಹೆಸರು, ತಾರೀಕು. ರಾಮಚಂದ್ರರು ಕೈ ಜೋಡಿಸಿ ನಿಂತಿದ್ದಾರೆ. ಕಾಲಿಗೆ ಅಲ್ಲಿಯೂ ಸಾಕ್ಸ್. ಬೇಕಿದ್ದರೆ ಕೇಳಿ ಎಂದು ಆ ದಿನ ಜೊತೆಗಿದ್ದವರ ನಂಬರುಗಳನ್ನೂ ಕೊಡಲು ಬಂದರು.

ಬೇಕಿರಲಿಲ್ಲ. ಚಪ್ಪಲಿಯನ್ನು ಕಾಲಿನಿಂದ ತಳ್ಳಿದ ಮನುಷ್ಯ ಇವರು. ಇವರು ಬಗ್ಗುವವರಲ್ಲ. ಒಬ್ಬರ ಅಡುಗೆಮನೆಗೆ ಹೊಲಸು ಹಾಕುವುದಕ್ಕೂ ಇವರು ಬಗ್ಗುವುದಿಲ್ಲ. ಬಿದ್ದವರ ಮೇಲೆ ನಿಂತು ಭಾಷಣ ಮಾಡುವುದಷ್ಟೇ ಇವರ ಕೆಲಸ, ಅದಕ್ಕೆ ಕಾನೂನಿನಲ್ಲಿ ಶಿಕ್ಷೆಯಿಲ್ಲ.

"ಕೀ ಎಲ್ಲಿಡ್ತೀರಿ ಅಂತ ಕೇಳಿದ್ದು ಯಾಕೆ ಹಾಗಾದ್ರೆ?" ಎಂದೆ. ನನ್ನ ದನಿಯಲ್ಲಿ ಮೊದಲಿನ ಕಾವಿರಲಿಲ್ಲ.

"ಕೀ?" ಅವರಿಗೆ ಅರ್ಥವಾಗಲಿಲ್ಲ. "ಯಾವ ಕೀ? ಪ್ರಶ್ನೆಗಳೆಲ್ಲ ನಿಖಿತಾದು ಮೇಡಂ. ಪ್ರಶ್ನೆ ಬರೆಯೋದು ಅವಳು, ಕೇಳೋದು ಅವಳು. ನಾನು ಕೊನೇಲಿ ಯಾರು ಉಳಿದ್ರು, ಯಾರು ಬಿದ್ರು ಅಂತ ನೋಡ್ತೀನಿ ಅಷ್ಟೇ. ಇದುವರೆಗೂ ಒಬ್ರ ಅಡುಗೆಮನೆಗೂ ನಾನು ಕಾಲಿಟ್ಟಿಲ್ಲ."

"ಆ ಭಾನುವಾರ ನಿಖಿತಾ ನಿಮ್ಮ ಜೊತೆ ಅಡಿಲೇಡ್‌ನಲ್ಲಿದ್ಲಾ?"

"ಇಲ್ಲ, ಬರಲ್ಲ ಅಂದ್ಲು. ಪರ್ತ್‌ನಲ್ಲಿ ಕೆಲಸ ಇದೆ ಅಂದ್ಲು. ಬಹಳ ಶ್ರಮಜೀವಿ ಮೇಡಂ. ಈ ಫಲಿತಾಂಶ ಹೀಗೇ ನಿಂತ್ರೆ ಅಡಿಲೇಡ್‌ನಲ್ಲಿ ಹೊಸ ಕೇಂದ್ರ ಆಗುತ್ತೆ, ಅದಕ್ಕೆ ಅವಳನ್ನೇ ಮುಖ್ಯಸ್ಥೆ ಮಾಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ನಾಳೆ ನಾನಿಲ್ದಿದ್ರೂ ಇದನ್ನೆಲ್ಲ ನಡೆಸ್ಕೊಂಡು ಹೋಗೋಳು ಅವಳೇ."

ತಲೆಯೊಳಗೆ ಏನೋ ಓಡುತ್ತಿತ್ತು, ಅದನ್ನು ಹಿಡಿಯಲು ನನಗೆ ಇಷ್ಟವಿರಲಿಲ್ಲ. ಅತ್ತು ಕೆಂಪಾದ ಮೂಗು. ಇಂದಿರಾ ತಲೆ ಬಾಚುತ್ತಿದ್ದದ್ದು. ರಾಮಚಂದ್ರರ ಕಡೆಗೆ ಬೆರಳು ತೋರಿಸಿದವಳು ಯಾರು? ರಾಮಚಂದ್ರರು ಸಿಕ್ಕಿಬಿದ್ದರೂ ಅವಳಿಗೆ ಲಾಭ, ಸಿಕ್ಕಿಬೀಳದಿದ್ದರೂ ಲಾಭ.

ಛೆ, ಅವಳನ್ನು ಅನುಮಾನಿಸಿದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ ಎಂದುಕೊಂಡೆ.

"ಇಗೋ, ನೂರು ವರ್ಷ ಆಯಸ್ಸು!" ಎಂದರು ರಾಮಚಂದ್ರರು ಬಾಗಿಲ ಕಡೆ ನೋಡಿ.

ಗಾಜಿನಾಚೆ ನಿಖಿತಾ ನಿಂತಿದ್ದಳು. ಬೆಳಗಿನ ವಿಮಾನ ಹಿಡಿದು ಪರ್ತಿನಿಂದ ನೇರ ಬಂದಿದ್ದಳು, ಚಕ್ರದ ಬ್ಯಾಗಿನ ಹಿಡಿಕೆಯಲ್ಲಿ ವಿಮಾನದ ಚೀಟಿ ಇನ್ನೂ ಅಂಟಿಕೊಂಡಿತ್ತು. ಬ್ಯಾಗನ್ನು ಗೋಡೆಗೆ ಒರಗಿಸಿ ಒಂದು ಕಾಲಿನ ಮೇಲೆ ನಿಂತು ಶೂ ಬಿಚ್ಚಿದಳು. ಓಡುವ ಶೂ.

ಸಾಕ್ಸ್ ಬಿಚ್ಚಿದಳು. ಎರಡನ್ನೂ ಸೇರಿಸಿ ಉಂಡೆ ಮಾಡಿ, ಬಲಗಾಲಿನ ಶೂ ಒಳಗೆ ತುರುಕಿದಳು.

ಆಮೇಲೆ ಅವಳ ಕಣ್ಣಿಗೆ ನನ್ನ ಚಪ್ಪಲಿ ಬಿತ್ತು.

ಬೇಡ ಕಣೇ, ಎಂದುಕೊಂಡೆ. ನೋಡದೆ ಒಳಗೆ ಬಾ.

ಬಗ್ಗಿದಳು. ಎಡಗೈಯ ಎರಡು ಬೆರಳಲ್ಲಿ ಪಟ್ಟಿ ಹಿಡಿದು ಎತ್ತಿದಳು. ತಿರುಗಿಸಿ, ಅದರ ಜೋಡಿಯ ಪಕ್ಕಕ್ಕೆ ತಂದು ಸೇರಿಸಿಟ್ಟಳು. ಬಾಗಿಲು ನೂಕಿ ಒಳಗೆ ಬಂದು, ನಮ್ಮ ಕಡೆ ನೋಡುವ ಮೊದಲು, ಮೂಲೆಯಲ್ಲಿದ್ದ ಸಿಂಕಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡಳು. ಬೆರಳ ಸಂದಿಯನ್ನೂ ಬಿಡದೆ ತೊಳೆದಳು.

ಟೋನಿಯ ಕ್ಯಾಮೆರಾ ಮೊಣಕಾಲಿನವರೆಗೆ ಮಾತ್ರ ತೋರಿಸಿತ್ತು. ಮೇಲಿನ ಉಳಿದದ್ದನ್ನು ಈಗ ನೋಡುತ್ತಿದ್ದೆ. ನಾನು ಇಷ್ಟು ದಿನ 'ಅವನು' ಎನ್ನುತ್ತಿದ್ದೆ.

"ಆಂಟಿ! ನೀವಿಲ್ಲಿ?" ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ಒದ್ದೆಯಾಗಿತ್ತು, ತಣ್ಣಗಿತ್ತು. "ಅದು ನಿಮ್ಮ ಚಪ್ಪಲಿನಾ? ಬೋರಲು ಬಿದ್ದಿತ್ತು, ಸರಿ ಮಾಡ್ದೆ. ಹಾಗೆ ಬಿಟ್ರೆ ಜಗಳ ಆಗುತ್ತೆ ಅಂತ ನಮ್ಮಜ್ಜಿ ಬಯ್ಯೋರು."

ನನ್ನ ಕೈ ಬಿಡಿಸಿಕೊಂಡೆ. ಸೆರಗಿಗೆ ಒರೆಸಿಕೊಂಡೆ. ಒರೆಸಿದಷ್ಟೂ ಆ ತಣ್ಣನೆ ಒದ್ದೆ ಹೋಗಲಿಲ್ಲ.

"ಇಂದಿರಾ ಹೇಗಿದ್ದಾಳೆ?"

"ಪಾಪ ಆಂಟಿ, ರಾತ್ರಿ ಪೂರ್ತಿ ಡ್ರಮ್ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ರು. ನಾನೂ ಜೊತೆಗಿದ್ದೆ, ನೀವು ಹೇಳಿದ ಹಾಗೆ. ಹೊರಗಿನೋರು ಒಬ್ರನ್ನೂ ಬಿಡ್ಲಿಲ್ಲ."

ಹೊರಗಿನವರು. ಇಂದಿರಾ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಮನೆಯಲ್ಲಿ ಕೂತು ಉಂಡ ಹುಡುಗಿ, ತಲೆ ಬಾಚಿಸಿಕೊಂಡ ಹುಡುಗಿ, ನಾನೇ ಕಳಿಸಿಕೊಟ್ಟ ಹುಡುಗಿ ಅವಳ ಲೆಕ್ಕದಲ್ಲಿ ಹೊರಗಿನವಳು ಹೇಗಾದಾಳು?

ಫೋನ್ ತೆಗೆದೆ. ಪರ್ತ್ ನಮಗಿಂತ ಎರಡು ಗಂಟೆ ಹಿಂದೆ. ಕೌನ್ಸಿಲ್‌ನವರು ಇನ್ನೂ ಬಂದಿರಲಾರರು, ಬಂದಿರಬಾರದು. ಇಂದಿರಾ ಎತ್ತಲಿಲ್ಲ. ಮತ್ತೆ ಮಾಡಿದೆ.

"ಹಾಯ್ ಆಂಟಿ." ಮಗಳು ತನುಶ್ರೀ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. "ಮಮ್ ಕಾಂಟ್ ಟಾಕ್. ದೇ ಆರ್ ಹಿಯರ್."

"ಯಾರು? ಕೌನ್ಸಿಲ್‌ನೋರಾ? ಇಷ್ಟು ಬೇಗನಾ?"

"ಯಾ, ದೇ ಕೇಮ್ ಅರ್ಲಿ."

"ತನು, ಕೇಳಿಲ್ಲಿ. ಅಮ್ಮಂಗೆ ಹೇಳು, ಮುಚ್ಚಳ ತೆಗೆಯೋಕೆ ಬಿಡ್ಬೇಡ ಅನ್ನು. ಏನಾದ್ರೂ ಒಂದು ನೆಪ ಹೇಳು. ಹಿಟ್ಟು ಹುಳಿ ಬಂದಿಲ್ಲ ಅನ್ನು, ಕೆಟ್ಟಿದೆ ಅನ್ನು, ಏನಾದ್ರೂ!"

"ಬಟ್ ಆಂಟಿ, ಇಫ್ ವಿ ಸೇ ನೋ, ದೇ ಶಟ್ ಅಸ್ ಡೌನ್. ಮಮ್ ಸೆಡ್."

ಹೌದು. ತೆಗೆಯಲು ಬಿಡದಿದ್ದರೂ ಮುಚ್ಚುತ್ತಾರೆ. ತೆಗೆಯಲು ಬಿಟ್ಟರೂ ಮುಚ್ಚುತ್ತಾರೆ. ಆ ಮುಚ್ಚಳದ ಕೆಳಗೆ ಏನೂ ಇಲ್ಲದಿದ್ದರೆ ಮಾತ್ರ ಇಂದಿರಾ ಉಳಿಯುತ್ತಾಳೆ. ಏನಿದೆ ಎಂದು ಗೊತ್ತಿದ್ದವಳು ನನ್ನ ಎದುರಿಗೇ ನಿಂತು, ಒದ್ದೆ ಕೈಯನ್ನು ಜೀನ್ಸಿಗೆ ಒರೆಸಿಕೊಳ್ಳುತ್ತಿದ್ದಳು.

"ಏನು ಹಾಕಿದ್ದೀಯ?" ಎಂದೆ. ಕೂಗಿದೆನೋ ಏನೋ, ಮೇಜಿನ ಹುಡುಗಿ ತಲೆಯೆತ್ತಿ ನೋಡಿದಳು. ರಾಮಚಂದ್ರರ ಕೈಯಲ್ಲಿದ್ದ ಲೋಟ ಅರ್ಧಕ್ಕೇ ನಿಂತಿತು.

ನಿಖಿತಾ ಹುಬ್ಬು ಗಂಟಿಕ್ಕಲಿಲ್ಲ, ಗಾಬರಿಯಾಗಲಿಲ್ಲ. ನನ್ನನ್ನೂ, ಬಾಗಿಲಾಚೆ ನೆಟ್ಟಗೆ ಜೋಡಿಸಿಟ್ಟಿದ್ದ ನನ್ನ ಚಪ್ಪಲಿಯನ್ನೂ ಒಮ್ಮೆ ನೋಡಿದಳು. ಅವಳಿಗೆ ಎಲ್ಲ ಅರ್ಥವಾದದ್ದು ನನಗೆ ಗೊತ್ತಾಯಿತು.

"ಹಿಟ್ಟು ಚೆನ್ನಾಗೇ ಉಬ್ಬಿರುತ್ತೆ ಆಂಟಿ" ಎಂದಳು ಮೃದುವಾಗಿ. "ಇಂದಿರಾ ಆಂಟಿಗೆ ಕೈ ನಡುಗ್ತಿತ್ತಲ್ಲ, ಅದಕ್ಕೆ ನಾನೇ ಕೈಯಾರೆ ಕಲಸಿದೆ."

ಫೋನಿನಲ್ಲಿ ಡ್ರಮ್ಮಿನ ಮುಚ್ಚಳ ಸರಿದ ಸದ್ದು ಕೇಳಿತು. ಯಾರೋ ಗಂಡಸು ಇಂಗ್ಲಿಷಿನಲ್ಲಿ ಏನೋ ಅಂದ, ನಡುವೆಯೇ ನಿಲ್ಲಿಸಿದ.

ಆಮೇಲೆ, ನನ್ನ ಜೊತೆ ಇದುವರೆಗೂ ಒಂದೇ ಒಂದು ಮಾತನ್ನೂ ಕನ್ನಡದಲ್ಲಿ ಆಡದ ತನುಶ್ರೀ ಕಿರುಚಿದಳು.

"ಅಮ್ಮಾ, ಮುಟ್ಬೇಡ!"